ಲೇತಿಗೆ ಫ್ಯಾನ್ ರೆಗ್ಯುಲೇಟರ್ ಯಾಕಾಗದು?

ಮರ ಕಡೆಯುವ ಲೇತ್ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಎಲೆಕ್ಟ್ರಿಷಿಯನ್ನನ್ನು ಕೇಳಿಯೇ ಕೇಳುತ್ತಾರೆ: ‘ಅಣ್ಣಾ, ಫ್ಯಾನಿಗೆ ಹಾಕೋ ರೆಗ್ಯುಲೇಟರನ್ನೇ ಇದಕ್ಕೂ ಹಾಕಿಬಿಡು. ಬೆಲ್ಟು ಬದಲಾಯಿಸಿ ಬದಲಾಯಿಸಿ ಸಾಕಾಗಿಹೋಗಿದೆ.’ ಬಲ್ಲವನು ಆಗಲ್ಲ ಅನ್ನುತ್ತಾನೆ. ಅರೆಬರೆ ಬಲ್ಲವನು ಹಾಕಿಕೊಡುತ್ತಾನೆ. ಸ್ವಲ್ಪ ದಿನಕ್ಕೇ ಆ ಮೋಟರು ರಿವೈಂಡಿಂಗ್ ಅಂಗಡಿಯ ಬೆಂಚಿನ ಮೇಲೆ ಕೂತಿರುತ್ತದೆ.

ಕೇಳಿದವರದು ತಪ್ಪಲ್ಲ. ಫ್ಯಾನೂ ಕರೆಂಟಿನ ಮೋಟರೇ, ಲೇತಿನದೂ ಅದೇ. ಆದರೆ ನಮ್ಮಲ್ಲಿನ ಹಳೆಯ ಮರದ ಲೇತುಗಳಿಗೆ ಸಾಮಾನ್ಯವಾಗಿ ಕೂರಿಸಿರುವುದು ಅರ್ಧ ಅಥವಾ ಒಂದು ಎಚ್‌ಪಿಯ ಸಿಂಗಲ್ ಫೇಸ್ ಮೋಟರು, ಬೆನ್ನ ಮೇಲೆ ಕೆಪಾಸಿಟರಿನ ಡಬ್ಬಿ ಹೊತ್ತದ್ದು. ಒಂದೇ ಫೇಸಿನ ಕರೆಂಟಿಗೆ ಮೋಟರನ್ನು ನಿಂತಲ್ಲಿಂದ ಎಬ್ಬಿಸುವ ಶಕ್ತಿಯಿಲ್ಲ. ಅದಕ್ಕೆಂದೇ ಒಳಗೆ ಎರಡನೆಯದೊಂದು ವೈಂಡಿಂಗ್ ಇರುತ್ತದೆ. ಕೆಪಾಸಿಟರಿನ ಜೊತೆ ಸೇರಿ ಅದು ಮೊದಲ ತಳ್ಳು ಕೊಡುತ್ತದೆ. ಮೋಟರು ತನ್ನ ವೇಗದ ಮುಕ್ಕಾಲು ಭಾಗ ಮುಟ್ಟುವ ಹೊತ್ತಿಗೆ, ಸುತ್ತುವ ರಭಸಕ್ಕೇ ತೆರೆದುಕೊಳ್ಳುವ ಒಂದು ಸ್ವಿಚ್ಚು ಆ ವೈಂಡಿಂಗನ್ನು ಕಳಚಿಬಿಡುತ್ತದೆ. ಲೇತ್ ಆಫ್ ಮಾಡಿ, ಅದು ನಿಲ್ಲುವವರೆಗೆ ಕಿವಿಗೊಡಿ. ವೇಗ ಇಳಿಯುತ್ತಾ ಬಂದಾಗ ನಡುವೆ ಎಲ್ಲೋ ‘ಟಕ್’ ಎನ್ನುತ್ತದೆ. ಸ್ವಿಚ್ಚು ಮತ್ತೆ ಮುಚ್ಚಿಕೊಂಡ ಸದ್ದು ಅದು.

ಇನ್ನು ವೇಗದ ವಿಚಾರ. ಈ ಮೋಟರು ಎಷ್ಟು ಸುತ್ತಬೇಕೆಂದು ಹೇಳುವುದು ವೋಲ್ಟೇಜ್ ಅಲ್ಲ, ಕರೆಂಟಿನ ಫ್ರೀಕ್ವೆನ್ಸಿ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಹಿಂದುಮುಂದಾಗುತ್ತದೆ. ನಾಲ್ಕು ಪೋಲಿನ ಮೋಟರಿನಲ್ಲಿ ಅದು ನಿಮಿಷಕ್ಕೆ 1,500 ಸುತ್ತಿನ ಕಾಂತಕ್ಷೇತ್ರವಾಗುತ್ತದೆ. ಒಳಗಿನ ರೋಟರು ಅದರ ಹಿಂದೆ ಕೊಂಚ ಜಾರುತ್ತಾ 1,440ರ ಆಸುಪಾಸಿನಲ್ಲಿ ಓಡುತ್ತದೆ. ರೆಗ್ಯುಲೇಟರು ವೋಲ್ಟೇಜು ತಗ್ಗಿಸಿದರೆ ತಗ್ಗುವುದು ಮೋಟರಿನ ಕಸುವು. ಉಳಿ ತಾಗಿದ ಕೂಡಲೇ ಅದು ಏದುಸಿರು ಬಿಡುತ್ತದೆ, ವೇಗ ಕುಸಿಯುತ್ತದೆ, ‘ಟಕ್’ ಎಂದು ಸ್ವಿಚ್ಚು ಮುಚ್ಚಿಕೊಳ್ಳುತ್ತದೆ. ಒಂದೆರಡು ಸೆಕೆಂಡಿನ ಕೆಲಸಕ್ಕೆಂದು ಸುತ್ತಿದ ವೈಂಡಿಂಗಿನಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ. ವಾರ್ನಿಷ್ ಸುಟ್ಟ ವಾಸನೆ ಬರಲು ಹೆಚ್ಚು ಹೊತ್ತು ಬೇಡ. ಫ್ಯಾನಿಗೆ ಈ ಸ್ವಿಚ್ಚೇ ಇಲ್ಲ. ಮೇಲಾಗಿ ಗಾಳಿಯನ್ನು ನಿಧಾನಕ್ಕೆ ತಳ್ಳಲು ಬಲ ಬಹಳ ಕಡಿಮೆ ಸಾಕು: ವೇಗ ಅರ್ಧವಾದರೆ ಬೇಕಾದ ತಿರುಚುಬಲ ಕಾಲು ಭಾಗಕ್ಕಿಳಿಯುತ್ತದೆ. ಲೇತಿನ ಕತೆ ಇದಕ್ಕೆ ತದ್ವಿರುದ್ಧ. ವೇಗ ಕಡಿಮೆ ಬೇಕಾಗುವುದು ದೊಡ್ಡ, ಸೊಟ್ಟಗಿನ ತುಂಡು ಕಟ್ಟಿದಾಗ. ಬಲ ಹೆಚ್ಚು ಬೇಕಾಗುವುದೂ ಆಗಲೇ.

ಆದ್ದರಿಂದಲೇ ಹಿಂದಿನವರು ಮೆಟ್ಟಿಲು ಪುಲ್ಲಿ ಮಾಡಿದರು. ಮೋಟರಿನ ಮೇಲೊಂದು, ಸ್ಪಿಂಡಲ್ಲಿನ ಮೇಲೊಂದು, ತಲೆಕೆಳಗಾಗಿ ಎದುರುಬದುರು. ಬೆಲ್ಟನ್ನು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ದಾಟಿಸಿದರೆ 700, 1,000, 1,400, 2,000 ಎಂದು ಹೆಚ್ಚುಕಡಿಮೆ ನಾಲ್ಕು ವೇಗ ಸಿಗುತ್ತವೆ. ಯಂತ್ರವಾಗಿ ಅದರಲ್ಲಿ ಕುಂದಿಲ್ಲ. ಕುಂದಿರುವುದು ಮನುಷ್ಯನಲ್ಲಿ. ಲೇತ್ ನಿಲ್ಲಿಸಿ, ಮುಚ್ಚಳ ತೆಗೆದು, ಮೋಟರು ಎತ್ತಿ, ಬೆಲ್ಟು ದಾಟಿಸಿ, ಮತ್ತೆ ಬಿಗಿ ಮಾಡುವ ಕೆಲಸವನ್ನು ದಿನಕ್ಕೆ ಎಷ್ಟು ಸಲ ಮಾಡುತ್ತೀರಿ? ಬಹುತೇಕ ಅಂಗಡಿಗಳಲ್ಲಿ ಬೆಲ್ಟು ಒಂದೇ ಮೆಟ್ಟಿಲಿನಲ್ಲಿ ಕೂತು ಅಲ್ಲೇ ಸವೆದಿರುತ್ತದೆ. ಉಳಿದ ಮೂರಕ್ಕೆ ಧೂಳು ಕಟ್ಟಿರುತ್ತದೆ. ಮಂಚದ ಕಾಲಿಗೂ ಅದೇ ವೇಗ, ಮರದ ಬೋಗುಣಿಗೂ ಅದೇ.

ಇದು ಬರೀ ಸೋಮಾರಿತನದ ಪ್ರಶ್ನೆಯಲ್ಲ. ಹತ್ತು ಅಂಗುಲ ಅಗಲದ ಮರ 1,440ರಲ್ಲಿ ಸುತ್ತಿದರೆ ಅದರ ಅಂಚು ಓಡುವುದು ಸೆಕೆಂಡಿಗೆ 19 ಮೀಟರ್, ಅಂದರೆ ಗಂಟೆಗೆ ಸುಮಾರು 69 ಕಿಲೋಮೀಟರ್. ಒಳಗೊಂದು ಸೀಳಿದ್ದು ಆ ಮರ, ಅದನ್ನು ಹಿಡಿದಿರುವ ಚಕ್ಕಿನಿಂದ ಕಿತ್ತು ಬಂದರೆ ಮುಖಕ್ಕೆ ಬಡಿಯುವುದು ಆ ವೇಗದಲ್ಲಿ. ಮರ ಕಡೆಯುವವರಲ್ಲಿ ಒಂದು ಬಾಯಿಲೆಕ್ಕ ಇದೆ: ಅಗಲದ ಅಂಗುಲ ಮತ್ತು ನಿಮಿಷದ ಸುತ್ತು ಗುಣಿಸಿದರೆ 6,000ದಿಂದ 9,000ದ ಒಳಗೆ ಬರಬೇಕು. ಹತ್ತು ಅಂಗುಲಕ್ಕೆ 600ರಿಂದ 900 ಸುತ್ತು ಅಂತಾಯಿತು. ಅದೂ ದುಂಡಗಾದ, ತೂಕ ಸರಿಯಾಗಿ ಹಂಚಿಕೊಂಡ ಮರಕ್ಕೆ. ಕೊಡಲಿಯಲ್ಲಿ ಕೆತ್ತಿ ತಂದ ಹಸಿ ತುಂಡಿಗೆ ಅದರಲ್ಲಿ ಅರ್ಧವೂ ಹೆಚ್ಚಾಯಿತು. ಹಳೆಯ ಲೇತಿನ ಕೆಳಮೆಟ್ಟಿಲು 700ಕ್ಕೇ ನಿಂತುಬಿಡುತ್ತದೆ.

ಮೋಟರು ಬರುವ ಮುಂಚೆ ಈ ತೊಂದರೆ ಇರಲಿಲ್ಲ ಎನ್ನುವುದು ನನಗೆ ಇದರಲ್ಲಿ ಎಲ್ಲಕ್ಕಿಂತ ಸೋಜಿಗವಾಗಿ ಕಾಣುವ ಸಂಗತಿ. ಚನ್ನಪಟ್ಟಣದ ಕೈಲೇತಿನಲ್ಲಿ ಕುಶಲಕರ್ಮಿ ನೆಲದ ಮೇಲೆ ಕೂತು ಒಂದು ಕೈಯಲ್ಲಿ ಕಮಾನು ಎಳೆಯುತ್ತಾನೆ. ಹಗ್ಗ ಸುತ್ತಿದ ಮರ ಹಿಂದಕ್ಕೂ ಮುಂದಕ್ಕೂ ಸುತ್ತುತ್ತದೆ. ಇನ್ನೊಂದು ಕೈಯಲ್ಲಿ ಉಳಿ, ಅದಕ್ಕೆ ಕಾಲಿನ ಆಸರೆ. ಎಷ್ಟು ವೇಗ ಬೇಕೋ ಅಷ್ಟೇ ಎಳೆತ. ಮರ ಅದುರಿದರೆ ತೋಳು ತಾನಾಗಿ ನಿಧಾನಿಸುತ್ತದೆ. ಅರಗು ಹಚ್ಚುವಾಗ ಇದರ ಬೆಲೆ ಗೊತ್ತಾಗುತ್ತದೆ. ಹಾಲೆ ಮರದ ಆಟಿಕೆ ಸುತ್ತುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಬೆಂಕಿಯಿಲ್ಲ, ಉಜ್ಜಿದ ಬಿಸಿಗೇ ಅರಗು ಮೆತ್ತಗಾಗಿ ಮರಕ್ಕೆ ಅಂಟುತ್ತದೆ. ಆಮೇಲೆ ತಾಳೆಗರಿಯ ಪಟ್ಟಿ ಒತ್ತಿದರೆ ಬಣ್ಣ ಸಮನಾಗಿ ಹರಡಿ ಹೊಳಪೇರುತ್ತದೆ. ವೇಗ ಸಾಲದಿದ್ದರೆ ಅರಗು ಕರಗುವುದಿಲ್ಲ, ಗಂಟುಗಂಟಾಗಿ ಕೂರುತ್ತದೆ. ಮಿತಿಮೀರಿದರೆ ಬಿಸಿ ಹೆಚ್ಚಿ ಬಣ್ಣ ಕೆಡುತ್ತದೆ. ಬೊಂಬೆಯ ತಲೆಗೆ ಬೇಕಾದ ವೇಗ ಅದರ ಕೊರಳಿಗೆ ಸಾಲದು; ಅಗಲ ಕಡಿಮೆಯಾದಲ್ಲಿ ಉಜ್ಜಾಟವೂ ಕಡಿಮೆ. ಕಮಾನು ಎಳೆಯುವವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ತೋಳಿಗೇ ಗೊತ್ತಿರುತ್ತದೆ. ಕರೆಂಟಿನ ಲೇತ್ ಬಂದು ಕೆಲಸ ಎಷ್ಟೋ ಬೇಗವಾಯಿತು, ಸುತ್ತು ಒಂದೇ ದಿಕ್ಕಿಗಾಯಿತು, ತೋಳಿಗೆ ಬಿಡುವು ಸಿಕ್ಕಿತು. ವೇಗ ಮಾತ್ರ ಕೈ ತಪ್ಪಿ ಪುಲ್ಲಿಯ ಪಾಲಾಯಿತು. ಈಗ ಎಲೆಕ್ಟ್ರಾನಿಕ್ಸ್ ಮಾಡುತ್ತಿರುವುದು, ಹಾಗೆ ಹೋದದ್ದನ್ನು ಕೈಗೆ ವಾಪಸು ತಂದುಕೊಡುವ ಕೆಲಸ. ಹಳೆ ಲೇತಿಗೆ ಹೊಸ ಷೋಕಿ ಎಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು.

ತಂದುಕೊಡುವ ಆ ಪೆಟ್ಟಿಗೆಯ ಹೆಸರು ವಿಎಫ್‌ಡಿ (ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್). ಅಂಗಡಿಯಲ್ಲಿ ಬರೀ ‘ಡ್ರೈವ್’ ಎಂದರೂ ಸಾಕು. ಲಿಫ್ಟಿನಲ್ಲಿ, ಹೊಲದ ಸೋಲಾರ್ ಪಂಪಿನಲ್ಲಿ ಇರುವುದೂ ಇದೇ ಜಾತಿಯದು. ಮನೆಯ 230 ವೋಲ್ಟಿನ ಸಿಂಗಲ್ ಫೇಸ್ ಕರೆಂಟನ್ನು ಒಳಗೆ ತೆಗೆದುಕೊಂಡು ಮೊದಲು ಸುಮಾರು 325 ವೋಲ್ಟಿನ ಡಿಸಿ ಮಾಡಿಕೊಳ್ಳುತ್ತದೆ. ಆಮೇಲೆ ಆರು ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚಿ, ಆ ಡಿಸಿಯನ್ನು ಕತ್ತರಿಸಿ ಜೋಡಿಸಿ, ಬೇಕಾದ ಫ್ರೀಕ್ವೆನ್ಸಿಯ ತ್ರೀ ಫೇಸ್ ಕರೆಂಟು ಹೊರಗೆ ಬಿಡುತ್ತವೆ. 25 ಹರ್ಟ್ಸ್ ಕೇಳಿದರೆ ಮೋಟರು ಅರ್ಧ ವೇಗಕ್ಕೆ ಬರುತ್ತದೆ. ಫ್ರೀಕ್ವೆನ್ಸಿಯ ಜೊತೆಜೊತೆಗೇ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸುವುದರಿಂದ ಕಾಂತಕ್ಷೇತ್ರ ಸೊರಗುವುದಿಲ್ಲ, ತಿರುಚುಬಲ ಹಾಗೇ ಉಳಿಯುತ್ತದೆ. ರೆಗ್ಯುಲೇಟರಿಗೆ ಆಗದಿರುವುದು ಇದು. ತ್ರೀ ಫೇಸ್ ಸಂಪರ್ಕಕ್ಕೆ ಅರ್ಜಿ ಹಾಕಿ ಕಾಯುವ ಅಗತ್ಯವೂ ಇಲ್ಲ. ಮೂರು ಫೇಸನ್ನು ಪೆಟ್ಟಿಗೆಯೇ ಹುಟ್ಟಿಸುತ್ತದೆ; ಲೇತಿನ ಹಳೆಯ ಸಿಂಗಲ್ ಫೇಸ್ ಮೋಟರಿನ ಜಾಗಕ್ಕೆ ತ್ರೀ ಫೇಸ್ ಮೋಟರು ಬಂದರಾಯಿತು.

ಆ ಆರು ಸ್ವಿಚ್ಚುಗಳ ಹೆಸರು ಐಜಿಬಿಟಿ. ಅದರ ಹಿಂದಿರುವ ದೊಡ್ಡ ಹೆಸರು ನಮ್ಮವರದೇ: ಬಂಟ್ವಾಳ ಜಯಂತ ಬಾಳಿಗ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದು, ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, 1969ರಲ್ಲಿ ಮದ್ರಾಸಿನ ಐಐಟಿಯಿಂದ ಎಂಜಿನಿಯರಾಗಿ ಹೊರಬಿದ್ದು ಅಮೆರಿಕಕ್ಕೆ ಹೋದವರು. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ 1980ರ ಸುಮಾರಿಗೆ ಅವರ ಮುಂದೆ ಇದ್ದ ಸಮಸ್ಯೆಯೂ ಮೋಟರಿನ ವೇಗದ್ದೇ. ಹೀಟ್ ಪಂಪುಗಳ ಮೋಟರನ್ನು ಕಡಿಮೆ ಖರ್ಚಿನಲ್ಲಿ ಬೇಕಾದ ವೇಗಕ್ಕೆ ಓಡಿಸಬಲ್ಲ ಸ್ವಿಚ್ಚು ಕಂಪನಿಗೆ ಬೇಕಿತ್ತು. ಅದಕ್ಕೆ ಉತ್ತರವಾಗಿ ಬಂದದ್ದೇ ಐಜಿಬಿಟಿ. ಅದಕ್ಕಾಗಿ 2024ರಲ್ಲಿ ಫಿನ್ಲೆಂಡಿನ ಮಿಲೇನಿಯಂ ಟೆಕ್ನಾಲಜಿ ಪ್ರಶಸ್ತಿ ಅವರಿಗೆ ಬಂತು. ಈ ಡ್ರೈವು ಓಡಿಸುವ ತ್ರೀ ಫೇಸ್ ಅಳಿಲು ಪಂಜರದ (ಸ್ಕ್ವಿರಲ್ ಕೇಜ್) ಮೋಟರನ್ನು ಡೊಲಿವೊ-ಡೊಬ್ರೊವೊಲ್ಸ್ಕಿ ಎಂಬ ಎಂಜಿನಿಯರ್ ಕಟ್ಟಿದ್ದು 1889ರಲ್ಲಿ. ಅಂದಿನಿಂದ ಅದರ ಮೂಲ ರಚನೆ ಬದಲಾಗಿಲ್ಲ. ಅದನ್ನು ಅಗ್ಗವಾಗಿ ಪಳಗಿಸುವ ಸ್ವಿಚ್ಚಿಗೆ ತೊಂಬತ್ತು ವರ್ಷ ಕಾಯಬೇಕಾಯಿತು.

ಬೇರೆ ದಾರಿಗಳಿಲ್ಲವೆಂದಲ್ಲ. ಕೆಟ್ಟ ಟ್ರೆಡ್‌ಮಿಲ್ಲಿನ ಡಿಸಿ ಮೋಟರನ್ನು ಅದರ ಕಂಟ್ರೋಲರ್ ಸಮೇತ ಗುಜರಿಯಿಂದ ತಂದು ಹಾಕುವವರಿದ್ದಾರೆ. ಅಗ್ಗ, ನಿಜ. ಆದರೆ ಅದು ಅತಿ ವೇಗದಲ್ಲಷ್ಟೇ ತನ್ನ ಪೂರಾ ಶಕ್ತಿ ತೋರಿಸುವ ಮೋಟರು. ಮೈಯೆಲ್ಲ ಕಿಂಡಿ, ಒಳಗೆ ಕಿಡಿ ಹಾರಿಸುವ ಕಾರ್ಬನ್ ಬ್ರಷ್ಷು. ಮರದ ಪುಡಿ ತುಂಬಿದ ಕೋಣೆಗೆ ಒಪ್ಪುವುದಲ್ಲ. ಗಾರ್ಮೆಂಟ್ಸ್ ಹೊಲಿಗೆ ಮೆಷಿನ್ನಿನ ಸರ್ವೊ ಮೋಟರು ಅದಕ್ಕಿಂತ ವಾಸಿ. ಪೆನ್ನು, ಬುಗುರಿ, ಬಳೆಯಂಥ ಚಿಕ್ಕ ಕೆಲಸಕ್ಕೆ ನಡೆಯುತ್ತದೆ. ಹೊಲಿಗೆಯಲ್ಲಿ ಅದು ಓಡಿ ನಿಂತು, ಓಡಿ ನಿಂತು ಮಾಡುವ ಮೋಟರು. ಇಡೀ ದಿನ ಎಡೆಬಿಡದೆ ಬೋಗುಣಿ ಕಡೆಯೆಂದರೆ ಸುಸ್ತಾಗುತ್ತದೆ. ನನ್ನ ಓಟು ಗಾಳಿಕಿಂಡಿಗಳಿಲ್ಲದ ಒಂದು ಎಚ್‌ಪಿಯ ತ್ರೀ ಫೇಸ್ ಮೋಟರಿಗೆ. ಕಾರ್ಖಾನೆಗಳ ಗುಜರಿಯಲ್ಲಿ ಇಂಥವು ಧಾರಾಳ ಸಿಗುತ್ತವೆ, ಸಿಂಗಲ್ ಫೇಸಿನಷ್ಟು ಗಿರಾಕಿಯೂ ಇವಕ್ಕಿಲ್ಲ.

ಆದರೆ ತಂದ ಮೋಟರನ್ನು ಹಾಗೇ ಡ್ರೈವಿಗೆ ಜೋಡಿಸಿ ‘ಇದಕ್ಕೆ ಶಕ್ತಿಯೇ ಇಲ್ಲ’ ಎಂದು ಬೈದುಕೊಂಡವರು ಬಹಳ. ಗುಟ್ಟಿರುವುದು ಟರ್ಮಿನಲ್ ಬಾಕ್ಸಿನಲ್ಲಿ. ಮುಚ್ಚಳ ಬಿಚ್ಚಿದರೆ ಮೇಲೆ ಮೂರು, ಕೆಳಗೆ ಮೂರು, ಹೀಗೆ ಆರು ಬೋಲ್ಟು. ನಮ್ಮ ದೇಶದ ಸಣ್ಣ ಮೋಟರುಗಳನ್ನು ಸಾಮಾನ್ಯವಾಗಿ 415 ವೋಲ್ಟಿಗೆಂದು ಸ್ಟಾರ್ ಜೋಡಣೆಯಲ್ಲಿ ಕೊಡುತ್ತಾರೆ. ಒಂದು ಸಾಲಿನ ಮೂರೂ ಬೋಲ್ಟುಗಳನ್ನು ಹಿತ್ತಾಳೆಯ ಪಟ್ಟಿ ಅಡ್ಡಡ್ಡ ಬೆಸೆದಿರುತ್ತದೆ. ನಮ್ಮ ಡ್ರೈವು ಹೊರಗೆ ಬಿಡುವುದು 230 ವೋಲ್ಟು ಮಾತ್ರ. ಸ್ಟಾರಿನಲ್ಲೇ ಬಿಟ್ಟರೆ ಕಾಂತಕ್ಷೇತ್ರ ಸೊರಗಿ, ತಿರುಚುಬಲ ಮೂರರಲ್ಲೊಂದು ಪಾಲಿಗಿಳಿಯುತ್ತದೆ. ಅಡ್ಡಪಟ್ಟಿ ತೆಗೆದು ಮೇಲಿನ ಬೋಲ್ಟಿಗೂ ಅದರ ನೇರ ಕೆಳಗಿನದಕ್ಕೂ ಒಂದೊಂದರಂತೆ ಮೂರು ಪಟ್ಟಿ ಉದ್ದುದ್ದ ಹಾಕಿದರೆ ಅದು ಡೆಲ್ಟಾ. ಈಗ 230 ವೋಲ್ಟಿಗೇ ಮೋಟರಿಗೆ ಪೂರ್ತಿ ಕಸುವು. ನಾಮಫಲಕದಲ್ಲಿ ಸ್ಟಾರಿನ ಕರೆಂಟು 1.9 ಆಂಪಿಯರ್ ಎಂದಿದ್ದರೆ ಡೆಲ್ಟಾದಲ್ಲಿ 3.3 ಆಗುತ್ತದೆ. ಡ್ರೈವಿಗೆ ಹೇಳಿಕೊಡಬೇಕಾದ್ದು ಈ ಎರಡನೆಯ ಅಂಕಿಯನ್ನು. ಹಳೆಯ ಮೋಟರಿನಲ್ಲಿ ಕೆಲವೊಮ್ಮೆ ಮೂರೇ ವೈರು ಹೊರಗೆ ಬಂದಿರುತ್ತವೆ, ಸ್ಟಾರಿನ ಗಂಟು ಒಳಗೇ ಹೂತಿರುತ್ತದೆ. ರಿವೈಂಡಿಂಗ್ ಮಾಡುವವರು ಅದನ್ನು ಬಿಡಿಸಿ ಇನ್ನೂ ಮೂರು ವೈರು ಹೊರತೆಗೆದುಕೊಡಬಲ್ಲರು. ಆ ಮೂರು ವೈರಿನ ತಂಟೆ ಬೇಡವೆಂದರೆ ಕೊಳ್ಳುವ ಮುಂಚೆಯೇ ಮುಚ್ಚಳ ಬಿಚ್ಚಿ ನೋಡಿ.

ಎರಡನೆಯ ಮಾತು, ಮೆಟ್ಟಿಲು ಪುಲ್ಲಿಯನ್ನು ಬಿಸಾಡಬೇಡಿ. ಡ್ರೈವ್ ಬಂದಮೇಲೆ ಬೆಲ್ಟಿನ ಹಂಗೇಕೆ ಎಂದು ಕಿತ್ತುಹಾಕುವವರು ಏರು ಬಂದಾಗ ಗೇರ್ ಇಳಿಸದೆ ಬೈಕು ಹತ್ತಿಸುವವರ ಹಾಗೆ. 20 ಹರ್ಟ್ಸಿನಲ್ಲಿ ತಿರುಚುಬಲ ಪೂರ್ತಿ ಇದ್ದರೂ ವೇಗ ಇಳಿದಿರುವುದರಿಂದ, ಒಂದು ಎಚ್‌ಪಿಯ ಮೋಟರು ಕೊಡುವುದು 0.4 ಎಚ್‌ಪಿ ಮಾತ್ರ. ಅದರ ಜೊತೆಗೆ ಮೋಟರಿನ ಬಾಲದಲ್ಲಿರುವ ಫ್ಯಾನೂ ನಿಧಾನಿಸಿ ಮೈ ಕಾಯುತ್ತದೆ. ಬೆಲ್ಟು ವೇಗವನ್ನು ಅರ್ಧ ಮಾಡುವ ಮೆಟ್ಟಿಲಿನಲ್ಲಿದ್ದರೆ ಸ್ಪಿಂಡಲ್ಲಿಗೆ ಬಲ ಇಮ್ಮಡಿ ಸಿಗುತ್ತದೆ, ಮೋಟರೂ ತನಗೆ ಒಗ್ಗಿದ ವೇಗದಲ್ಲೇ ಇರುತ್ತದೆ. ಆ ಮೆಟ್ಟಿಲಿನಲ್ಲಿ 20ರಿಂದ 60 ಹರ್ಟ್ಸ್ ತಿರುಗಿಸಿದರೆ ಸುಮಾರು 270ರಿಂದ 870 ಸುತ್ತು. ಸಮ ಮೆಟ್ಟಿಲಿನಲ್ಲಿ 540ರಿಂದ 1,740. ನಾಲ್ಕು ಮೆಟ್ಟಿಲಲ್ಲಿ ಎರಡು ಸಾಕು, ಬೋಗುಣಿಗೊಂದು, ಕಂಬಕ್ಕೊಂದು. ಬೆಲ್ಟು ದಾಟಿಸುವ ಕೆಲಸ ವಾರಕ್ಕೊಮ್ಮೆ ಬಂದರೆ ಹೆಚ್ಚು.

ಗುಂಡಿ ತಿರುಗಿಸಿ ಕೆಲಸ ಮಾಡುವಾಗ ಸಿಗುವ ನಿಜವಾದ ಸುಖ ಅಂಕಿಯಲ್ಲಿ ಹೇಳುವಂಥದ್ದಲ್ಲ. ಸೊಟ್ಟಗಿನ ತುಂಡೊಂದನ್ನು ಕಟ್ಟಿ ನಿಧಾನಕ್ಕೆ ವೇಗ ಏರಿಸುತ್ತಾ ಹೋಗಿ. 400ರವರೆಗೆ ತೆಪ್ಪಗಿದ್ದ ಲೇತು 450ಕ್ಕೆ ಇದ್ದಕ್ಕಿದ್ದಂತೆ ಮೈಯೆಲ್ಲ ಅದುರಿಸಬಹುದು, ಸ್ಟ್ಯಾಂಡಿನ ಕೆಳಗೆ ಬಿದ್ದ ಹೊಟ್ಟು ಕುಣಿಯಬಹುದು. 420ಕ್ಕೆ ಇಳಿಸಿದರೆ ಮತ್ತೆ ಶಾಂತ. ಆ ಲೇತಿಗೆ, ಆ ತುಂಡಿಗೆ, ಆ ಹೊತ್ತಿಗೆ ಅದೇ ಸರಿಯಾದ ವೇಗ. ತುಂಡು ದುಂಡಗಾಗುತ್ತಾ ಬಂದಹಾಗೆ ಆ ಅದುರುವ ಜಾಗ ಮೇಲಕ್ಕೆ ಸರಿಯುತ್ತದೆ, ಕೊನೆಗೆ ಮಾಯವಾಗುತ್ತದೆ. ಮೆಟ್ಟಿಲು ಪುಲ್ಲಿಯಲ್ಲಿ 420 ಎಂಬ ವೇಗವೇ ಇಲ್ಲ.

ಜೋಡಣೆಯಲ್ಲಿ ಪ್ರಾಣಕ್ಕೆ ಸಂಬಂಧಪಟ್ಟ ನಾಲ್ಕಾರು ವಿಷಯ ಇವೆ, ಇವನ್ನು ಬಲ್ಲ ಎಲೆಕ್ಟ್ರಿಷಿಯನ್ನಿನ ಕೈಯಲ್ಲೇ ಮಾಡಿಸಿ. ನಮ್ಮೂರುಗಳಲ್ಲಿ ಮೊದಲನೆಯದು ಕರೆಂಟು ಹೋಗಿ ಬರುವುದು. ಸಾದಾ ಆನ್-ಆಫ್ ಸ್ವಿಚ್ಚನ್ನು ಡ್ರೈವಿಗೆ ಕೊಟ್ಟಿದ್ದರೆ, ಕರೆಂಟು ಹೋದಾಗ ಅದು ಆನ್‌ನಲ್ಲೇ ಉಳಿದಿರುತ್ತದೆ. ನೀವು ಚಹಾ ಕುಡಿದು ಬಂದು ಚಕ್ಕಿಗೆ ಕೀಲಿ ಹಾಕಿ ಬಿಗಿ ಮಾಡುತ್ತಿರುವಾಗ ಕರೆಂಟು ಬಂದರೆ ಲೇತು ತಾನಾಗಿ ಹೊರಡಬಹುದು. ಅದಕ್ಕೆ ಒತ್ತಿದರೆ ಓಡುವ ಹಸಿರು ಬಟನ್ನು, ಒತ್ತಿದರೆ ನಿಲ್ಲುವ ಕೆಂಪು ಬಟನ್ನು ಬೇರೆಬೇರೆ ಇಟ್ಟು, ಡ್ರೈವಿನ ತ್ರೀ ವೈರ್ ಕಂಟ್ರೋಲ್ ಎನ್ನುವ ರೀತಿಯಲ್ಲಿ ಜೋಡಿಸಬೇಕು. ಆಗ ಕರೆಂಟು ಬಂದರೂ ಹಸಿರು ಒತ್ತುವವರೆಗೆ ಅಲುಗುವುದಿಲ್ಲ. ಲೇತಿನ ಹಳೆಯ ಸ್ವಿಚ್ಚನ್ನು ಡ್ರೈವಿಗೂ ಮೋಟರಿಗೂ ನಡುವೆ ಬಿಡಲೇಬಾರದು. ಓಡುತ್ತಿರುವಾಗ ಅಲ್ಲಿ ತಂತಿ ಕಡಿದರೆ ಐಜಿಬಿಟಿಗಳಿಗೆ ಕುತ್ತು. ಮೋಟರಿಗೂ ಲೇತಿನ ಕಬ್ಬಿಣಕ್ಕೂ ಅರ್ತಿಂಗ್ ಕಡ್ಡಾಯ. ಕರೆಂಟು ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಆ 325 ವೋಲ್ಟು ಕೆಲ ನಿಮಿಷ ಕೂತಿರುತ್ತದೆ, ಮುಚ್ಚಳ ಬಿಚ್ಚುವ ಮೊದಲು ಹತ್ತು ನಿಮಿಷ ಕಾಯುವುದು ಒಳ್ಳೆಯದು. ಮರದ ಧೂಳು ಡ್ರೈವಿನ ಮೊದಲ ಶತ್ರು. ಅದನ್ನು ಉದುರುವ ಹೊಟ್ಟಿನಿಂದ ದೂರ, ಗೋಡೆಯ ಮೇಲೆ ಅಗಲವಾದ ತಗಡಿನ ಪೆಟ್ಟಿಗೆಯಲ್ಲಿಟ್ಟು, ಗುಂಡಿ ಮತ್ತು ಬಟನ್ನುಗಳನ್ನಷ್ಟೇ ವೈರಿನಲ್ಲಿ ಎಳೆದು ಕೈಗೆ ಎಟುಕುವಲ್ಲಿ ತನ್ನಿ.

ಇನ್ನೊಂದು, ನಿಲ್ಲಿಸುವ ಅವಸರ. ಡ್ರೈವಿಗೆ ಒಂದೇ ಸೆಕೆಂಡಿನಲ್ಲಿ ನಿಲ್ಲು ಎಂದು ಹೇಳಬಹುದು. ಹೇಳಿದರೆ ಮೋಟರು ನಿಲ್ಲುತ್ತದೆ, ಐದು ಕಿಲೋ ಮರ ಹೊತ್ತ ಚಕ್ಕು ತನ್ನ ರಭಸಕ್ಕೆ ಮುಂದಕ್ಕೆ ಸುತ್ತಿ ಸ್ಪಿಂಡಲ್ಲಿನ ತಿರುಪಿನಿಂದ ಕಳಚಿಕೊಳ್ಳಬಹುದು. ಉಲ್ಟಾ ಓಡಿಸುವ ಸೌಲಭ್ಯಕ್ಕೂ ಇದೇ ಮಾತು: ಉಪ್ಪುಕಾಗದ ಉಜ್ಜುವಾಗ ಅದು ಉಪಕಾರಿ ಹೌದು, ಆದರೆ ತಿರುಪಿನ ಚಕ್ಕಿಗೆ ಬಿಗಿಸ್ಕ್ರೂ ಇಲ್ಲದಿದ್ದರೆ ಮುಟ್ಟಬೇಡಿ. ನಿಲ್ಲಲು ಎಂಟು ಹತ್ತು ಸೆಕೆಂಡು ಕೊಟ್ಟರೆ ಯಾರ ಗಂಟೂ ಹೋಗುವುದಿಲ್ಲ.

ವೇಗದ ಮೇಲ್ಮಿತಿಯನ್ನು ಡ್ರೈವಿನಲ್ಲೇ 60 ಹರ್ಟ್ಸಿಗೆ ಕಟ್ಟಿಹಾಕಿ. ಗುಂಡಿ ಕೈಗೆ ಬಂತೆಂದು 100ಕ್ಕೆ ತಿರುಗಿಸುವ ಚಪಲ ಎಲ್ಲರಿಗೂ ಬರುತ್ತದೆ. ಹಳೆಯ ಲೇತುಗಳಲ್ಲಿ ಎಷ್ಟೋ ಕಡೆ ಸ್ಪಿಂಡಲ್ಲು ಕೂತಿರುವುದು ಕಂಚಿನ ಬುಷ್ಷಿನಲ್ಲಿ. ಎಣ್ಣೆ ಹನಿಸುತ್ತಿದ್ದರೆ ತಲೆಮಾರುಗಟ್ಟಲೆ ಬಾಳುತ್ತದೆ, ಎರಡರಷ್ಟು ವೇಗಕ್ಕೆ ಅದು ಹುಟ್ಟಿದ್ದಲ್ಲ. ಹಾಗೆಂದು ಅಂಥ ಲೇತನ್ನು ತೂಕಕ್ಕೆ ಹಾಕಿ, ಡಿಸ್‌ಪ್ಲೇ ಹೊಳೆಯುವ ಹಗುರ ತಗಡಿನ ಲೇತ್ ಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದುರುವಿಕೆಯನ್ನು ನುಂಗುವುದು ಬೀಡುಕಬ್ಬಿಣದ ತೂಕ. ಆ ತೂಕ ಹಳೆಯದರಲ್ಲಿ ಪುಕ್ಕಟೆಯಾಗಿದೆ, ಹೊಸ ಡ್ರೈವ್ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ.

ಇಷ್ಟೆಲ್ಲ ಆದಮೇಲೆ ಮೂಲೆಯಲ್ಲಿ ಉಳಿಯುವುದು ಕೆಪಾಸಿಟರ್ ಹೊತ್ತ ಆ ಹಳೆಯ ಸಿಂಗಲ್ ಫೇಸ್ ಮೋಟರು. ಗುಜರಿಗೆ ಕೊಡಬೇಡಿ. ಮಾಮೂಲಿ ಬೆಂಚ್ ಗ್ರೈಂಡರುಗಳು ಓಡುವುದು ಸುಮಾರು 2,800ರಲ್ಲಿ. ಅದರಲ್ಲಿ ಸಾಣೆ ಹಿಡಿದರೆ ಉಳಿಯ ಬಾಯಿ ಕಾದು ನೀಲಿಗಟ್ಟಿ ಹದ ಕಳೆದುಕೊಳ್ಳುತ್ತದೆ. 1,440ರ ಮೋಟರಿಗೆ ಎಂಟಂಗುಲದ ಸಾಣೆಚಕ್ರವನ್ನೂ ಗಟ್ಟಿಯಾದ ಗಾರ್ಡನ್ನೂ ಹಾಕಿಸಿ. ವೇಗ ಬದಲಿಸುವ ತಲೆನೋವಿಲ್ಲದ ಕೆಲಸ ಅದೊಂದೇ.